ಮೂರು ಬಸ್ಸು, ಒಂದು ರೈಲು

ಮನುಷ್ಯ ಆಯುಷ್ಯಪೂರ್ತಿ ಮಾಡಿದ ಕೆಲಸ ಕಡೆಗೆ ಅವನ ಮುಖದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಓಣಿಯ ಹತ್ತಿ ಕಾಕಾ ಅವರ ಮುಖದಲ್ಲಿ ಒಂದು ದೊಡ್ಡ ಮೂಗು, ಅದರ ಮೇಲೊಂದಿಷ್ಟು ಹತ್ತಿಯ ಧೂಳು ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಅವರ ಕೆಲಸವೆಲ್ಲ ಹೋಗಿ ಎರಡು ಹೆಬ್ಬೆರಳುಗಳಲ್ಲಿ ಕುಳಿತಿತ್ತು. ಚಮಚದ ಹಾಗೆ ಚಪ್ಪಟೆಯಾಗಿ, ತುದಿಯಲ್ಲಿ ಹೊರಕ್ಕೆ ಬಾಗಿದ, ಬಿಳುಚಿದ ಹೆಬ್ಬೆರಳುಗಳು. ಒಮ್ಮೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ, "ಇದೇನ್ರಿ, ನಿಮ್ಮ ಬೆರಳಾಗ ಗೆರೀನ ಇಲ್ಲ" ಎಂದು ಗಾಬರಿಯಾದನಂತೆ. ಕಾಕಾ, "ಇದ್ದೂವ್ರಿ. ಎಲ್ಲಾ ಜಯಧರ ಹತ್ತ್ಯಾಗ ಹ್ವಾದೂ" ಎಂದರಂತೆ.

ಬೈಲಹೊಂಗಲದ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅವರು ಹತ್ತಿ ನೋಡುವವರು. ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬಂದ ಆಳೆತ್ತರದ ಅಂಡಿಗೆಗಳ, ಅಂದರೆ ಹತ್ತಿ ತುಂಬಿದ ಚೀಲಗಳ, ಬಾಯಿ ಬಿಚ್ಚಿಸಿ, ತೋಳು ಮುಳುಗುವವರೆಗೆ ಒಳಗೆ ಕೈ ಹಾಕಿ, ಒಂದು ಹಿಡಿ ಹತ್ತಿ ತೆಗೆಯುವರು. ಅದನ್ನು ಎರಡು ಹೆಬ್ಬೆರಳ ನಡುವೆ ಹಿಂಜಿ, ಎಳೆ ನೇರ ಮಾಡಿ, ಮೊಣಕಾಲ ಮೇಲೆ ಹಾಸಿಕೊಂಡ ಕರಿಯ ಬಟ್ಟೆಯ ತುಂಡಿನ ಮೇಲಿಟ್ಟು ನೋಡಿ, ಇದು ಇಂಥ ದರ್ಜೆ ಎಂದು ಒಂದು ಮಾತು ಹೇಳುವರು. ಆ ಒಂದು ಮಾತಿನ ಮೇಲೆ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ.

ಅವರ ಶಾಸ್ತ್ರದಲ್ಲಿ ಎರಡೇ ಸೂತ್ರ. ಒಂದು, "ಮ್ಯಾಲಿನ ಹತ್ತಿ ಎಲ್ಲಾರದೂ ಛಲೋನ ಇರತೈತಿ, ನಡಕ ಕೈ ಹಾಕಬೇಕು." ಎರಡು, ಕೈ ಹಾಕುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: "ಅಂಡಿಗಿ ಯಾವಾಗ ಕಟ್ಟಿದ್ದು?" ನಿನ್ನೆ ರಾತ್ರಿ ಕಟ್ಟಿದ ಅಂಡಿಗೆಯಲ್ಲಿ ನೀರು ಚಿಮುಕಿಸಿರಬಹುದು, ಹೊಲದಿಂದ ಬಂದ ಹತ್ತಿ ಬೇರೆ, ಬಿಚ್ಚಿ ಮತ್ತೆ ತುಂಬಿದ ಹತ್ತಿ ಬೇರೆ. ಈ ಎರಡು ಸೂತ್ರಗಳನ್ನು ಅವರು ಹತ್ತಿಗಷ್ಟೇ ಮೀಸಲಿಟ್ಟಿರಲಿಲ್ಲ. ದಿನಪತ್ರಿಕೆಯನ್ನು ನಡುವಿನ ಪುಟದಿಂದ ಓದುತ್ತಿದ್ದರು. ಚುರಮುರಿ ಅಂಗಡಿಯವನು ಅವರನ್ನು ಕಂಡ ಕೂಡಲೇ ಚೀಲದ ತಳ ಕೆದಕಲು ಶುರು ಮಾಡುತ್ತಿದ್ದ. ಮದುವೆಯ ಊಟದಲ್ಲಿ ಪಂಕ್ತಿಯ ನಟ್ಟ ನಡುವೆ ಕೂಡುತ್ತಿದ್ದರು. ಎರಡೂ ತುದಿಯಲ್ಲಿ ಬೀಗರ ಕಣ್ಣಿರುತ್ತದೆ, ಖರೇ ಬಡಿಸುವಿಕೆ ನಡುವೆ ಗೊತ್ತಾಗುತ್ತದೆ ಎಂಬುದು ಅವರ ಅನುಭವ.

ಅವರ ಸ್ವಂತ ಊರು ಸಂಪಗಾಂವ. ಅಲ್ಲಿ ಹೊಲ ಮಾಡಿಕೊಂಡಿದ್ದ ಅವರ ಅಣ್ಣ ಒಂದು ವರ್ಷ ಎರಡು ಚಕ್ಕಡಿ ಹತ್ತಿ ತಂದರು. ತಮ್ಮ ನೋಡುವ ಫ್ಯಾಕ್ಟರಿ ಎಂಬ ಧೈರ್ಯ. ತಮ್ಮ ಕೈ ಹಾಕಿ, ಹಿಂಜಿ, ಕರಿಯ ಬಟ್ಟೆಯ ಮೇಲೆ ಇಟ್ಟು, "ಎರಡನೇ ದರ್ಜೆ" ಎಂದರು. ಅಣ್ಣ ಎರಡು ವರ್ಷ ಮಾತು ಬಿಟ್ಟರು. ನಮ್ಮ ಅಪ್ಪ ಕೇಳಿದ್ದಕ್ಕೆ ಕಾಕಾ, "ಹತ್ತಿಗೇನ ಗೊತ್ರೀ ಅದು ನಮ್ಮ ಅಣ್ಣಂದಂತ" ಎಂದು ಮುಗಿಸಿದರು.

ಇಂಥವರಾದ್ದರಿಂದಲೇ ಟವೆಲ್ಲಿನ ವ್ಯವಹಾರಕ್ಕೂ ಅವರನ್ನೇ ಕರೆಯುತ್ತಿದ್ದರು. ನೋಡದವರಿಗಾಗಿ ಹೇಳಬೇಕು. ನಮ್ಮ ಪೇಟೆಯಲ್ಲಿ ಆಗ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ನಡುವಿನವನು ಕೊಳ್ಳುವವನ ಕೈ ಹಿಡಿದು ಮೇಲೊಂದು ಟವೆಲ್ ಮುಚ್ಚುವನು. ಕೊಳ್ಳುವವನು ಬೆರಳು ಹಿಡಿದು ತನ್ನ ದರ ಹೇಳುವನು. ಆಮೇಲೆ ಮಾರುವವನ ಕೈ. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಯಾರು ಎಷ್ಟು ಹೇಳಿದರೆಂಬುದು ನಡುವಿನವನಿಗೆ ಮಾತ್ರ ಗೊತ್ತು. ಅವನು ಕಡೆಗೆ ಬಾಯಿಬಿಟ್ಟು ಹೇಳಿದ್ದೇ ತೀರ್ಮಾನ. ಒಬ್ಬರ ಬೆರಳನ್ನು ಇನ್ನೊಬ್ಬರಿಗೆ ಹೇಳಿದರೆ, ಇಲ್ಲವೇ ಹಿಡಿದ ಬೆರಳು ಒಂದು, ಆಡಿದ ಮಾತು ಇನ್ನೊಂದು ಆದರೆ, ಆ ಮನುಷ್ಯ ಮತ್ತೆ ಪೇಟೆಯಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಿರುಗುವಂತಿಲ್ಲ. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ.

"ಸುಳ್ಳ ದರಾ ಹಿಡದವನ ಬೆರಳ ನಡಗತೈತಿ, ತಂಗಿ" ಎಂದು ನನಗೆ ಹೇಳುತ್ತಿದ್ದರು. "ಮಾರಿ ಎಷ್ಟರ ಗಟ್ಟಿ ಇರವಲ್ದ್ಯಾಕ, ಬೆರಳಿಗೆ ಆ ವಿದ್ಯಾ ಬರಂಗಿಲ್ಲ."

ತೊಂಬತ್ತರ ದಶಕದ ನಡುವೆ ನಾನು ಪಿಯುಸಿ ಕಾಮರ್ಸ್ ಪಾಸಾದೆ. ನಮ್ಮದು ಹತ್ತಿಕಾಳು, ಹಿಂಡಿ ಮಾರುವ ಅಂಗಡಿ. ಅಜ್ಜನ ಅಜ್ಜನಿಂದಲೂ ವ್ಯಾಪಾರ. ಆ ಮನೆಯ ಹುಡುಗಿ ವ್ಯಾಪಾರ ಆಡಳಿತದಲ್ಲಿ ಪದವಿ ಮಾಡುತ್ತೇನೆಂದಾಗ ಅಜ್ಜ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ಯಾಪಾರಾ ಕಲಿಯಾಕ ಸಾಲಿ ಐತೇನು?"

"ಐತ್ರಿ ಅಜ್ಜಾ. ಮೂರ ವರ್ಷ."

"ಮೂರ ವರ್ಷ ಅಂಗಡಿ ಮುಚ್ಚಿ ಕುಂತ ಕಲಿಸ್ತಾರೋ, ತಗದೋ?"

ಆದರೂ ಅರ್ಜಿ ಹಾಕಲು ಬಿಟ್ಟರು. ಎರಡು ವಿಶ್ವವಿದ್ಯಾಲಯಗಳಿಗೆ ಹಾಕಿದೆ. ಎರಡೂ ಒಂದೇ ವಾರ ಬರಮಾಡಿಕೊಂಡವು. ಹೆಸರು ಹೇಳುವುದು ಬೇಡ; ಒಂದಕ್ಕೆ ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರಬಹುದಿತ್ತು, ಇನ್ನೊಂದಕ್ಕೆ ರೈಲು ಹತ್ತಿ ರಾತ್ರಿ ಕಳೆಯಬೇಕಿತ್ತು. ನಮ್ಮ ಮನೆಯಲ್ಲಿ ಅವಕ್ಕೆ ಬಸ್ಸಿನದು, ರೈಲಿನದು ಎಂದೇ ಹೆಸರಾಯಿತು. ಬಸ್ಸಿನದು ಕಳಿಸಿದ ಮಾಹಿತಿ ಪತ್ರಿಕೆ ಕಲ್ಲಚ್ಚಿನಂತೆ ಮಸುಕಾದ ಆರು ಹಾಳೆ, ಅವಕ್ಕೆ ಓರೆಯಾಗಿ ಹೊಡೆದ ಒಂದು ಪಿನ್ನು. ರೈಲಿನದು ಕಳಿಸಿದ್ದು ನುಣುಪು ಕಾಗದದ ಬಣ್ಣದ ಪುಸ್ತಕ. ಅದರಲ್ಲಿ ಗಾಜಿನ ಗೋಡೆಯ ಗ್ರಂಥಾಲಯದ ಚಿತ್ರವಿತ್ತು. ಗಾಜಿನಾಚೆ ಒಬ್ಬ ಹುಡುಗಿ ತಲೆ ತಗ್ಗಿಸಿ ಓದುತ್ತಿದ್ದಳು. ಆ ಹುಡುಗಿ ನಾನೇ ಎಂಬ ಬಗ್ಗೆ ನನಗೆ ಸಂಶಯವಿರಲಿಲ್ಲ. ಪುಟ ತಿರುವಿ ತಿರುವಿ ಅದರ ಮೂಲೆ ಸವೆಯಿತು. ಕಿತ್ತೂರಿನ ನನ್ನ ಗೆಳತಿಯೂ ರೈಲಿನದಕ್ಕೇ ಹೋಗುವುದೆಂದು ನಿಶ್ಚಯವಾಗಿತ್ತು.

ಅಜ್ಜ ದಿನಕ್ಕೆರಡು ಸಲ ಪಡಸಾಲೆಯಿಂದ ಘೋಷಿಸುತ್ತಿದ್ದರು: "ನಮ್ಮ ಮನೀ ಹೆಣ್ಣಮಕ್ಕಳು ಸಂಜೀಕ ಮನ್ಯಾಗ ಇರಬೇಕು." ಅಪ್ಪ ಅಜ್ಜನ ಮುಂದೆ ತಲೆಯಾಡಿಸುತ್ತಿದ್ದ, ನನ್ನ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವ್ವ ಯಾರ ಮುಂದೆಯೂ ಏನೂ ಅನ್ನುತ್ತಿರಲಿಲ್ಲ; ಪಾತ್ರೆಗಳ ಸಪ್ಪಳ ಮಾತ್ರ ಹೆಚ್ಚಾಗಿತ್ತು. ಹೀಗೆ ಹದಿನೈದು ದಿನ ಹೋದವು. ಬಸ್ಸಿನದಕ್ಕೂ ರೈಲಿನದಕ್ಕೂ ಹೆಸರು ಹಚ್ಚಲು ಎಂಟು ದಿನ ಉಳಿದವು.

ಆಗ ಅಜ್ಜನೇ ಹತ್ತಿ ಕಾಕಾ ಅವರಿಗೆ ಹೇಳಿ ಕಳಿಸಿದರು. ಕಾಕಾ ನಾಲ್ಕು ದಿನ ಊರಲ್ಲಿರಲಿಲ್ಲ. ಯಾವುದೋ ಮಿಲ್ಲಿಗೆ ನಮೂನೆ ತೋರಿಸಲು ಹೋಗಿದ್ದರು ಎಂದು ಕಾಕು, ಅಂದರೆ ಅವರ ಹೆಂಡತಿ, ಹೇಳಿದರು. ಐದನೆಯ ದಿನ ಬಂದರು. ಪಡಸಾಲೆಯಲ್ಲಿ ಕಂಬಕ್ಕೆ ಬೆನ್ನು ಹಚ್ಚಿ ಕುಳಿತರು.

"ತಮ್ಮಾ, ಈ ಮನ್ಯಾಗ ಯಾರೂ ಖರೇ ಹೇಳವಲ್ರು" ಎಂದು ಅಜ್ಜ ದೂರು ಕೊಟ್ಟರು. "ಒಬ್ಬರ ಮಾರಿ ಒಬ್ಬರು ನೋಡತಾರ. ನನ್ನ ಕೇಳಿದ್ರ ನಾ ಹೇಳೇ ಹೇಳೇನಿ, ಬಸ್ಸು. ಆದ್ರ ನಾಳೆ ನನ್ನ ಮ್ಯಾಲ ಹಾಕಬಾರ್ದು."

ಕಾಕಾ ಚಹಾ ಕುಡಿದರು. ಬಸಿಯಲ್ಲಿ ಉಳಿದ ಕೊನೆಯ ಗುಟುಕನ್ನೂ ಕುಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದರು.

"ಬಾಯಿಂದ ಬ್ಯಾಡ್ರಿ ಅಜ್ಜಾರ. ಬೆರಳಿಂದ ಹೇಳ್ರಿ. ಒಂದ ಬೆರಳ ಹಿಡದ್ರ ಬಸ್ಸು, ಎರಡ ಹಿಡದ್ರ ರೈಲು. ಯಾರ್ದು ಎಷ್ಟಂತ ಇನ್ನೊಬ್ಬರು ಕೇಳಾಂಗಿಲ್ಲ, ನಾ ಹೇಳಾಂಗಿಲ್ಲ. ಹೆಚ್ಚಾದದ್ದಕ್ಕ ಎಲ್ಲಾರೂ ಹೂಂ ಅನಬೇಕು."

ನಾಲ್ಕೂ ಜನ ಹೂಂ ಅಂದೆವು. ನಾಡಿನ ಉನ್ನತ ಶಿಕ್ಷಣದ ಇತಿಹಾಸದಲ್ಲಿ ಟವೆಲ್ಲಿನ ಕೆಳಗೆ ತೀರ್ಮಾನವಾದ ಪ್ರವೇಶ ಇದೊಂದೇ ಇರಬೇಕು. ಮೊದಲು ಅಜ್ಜ. ಮುಖ ಎತ್ತಿ, ಜಂತಿ ನೋಡುತ್ತ, ಪೇಟೆಯ ಹಳೆಯ ಗಾಂಭೀರ್ಯದಲ್ಲಿ ಕೈ ಕೊಟ್ಟರು. ಅವರದು ತುಸು ಹೊತ್ತು ಹಿಡಿಯಿತು. ಆಮೇಲೆ ಅಪ್ಪ. ಅವ್ವನ ಸರದಿ ಬಂದಾಗ ತಕರಾರು ಎದ್ದಿತು.

"ಅಣ್ಣಾರ, ನಾ ಯಾವತ್ತ ಸಂತ್ಯಾಗ ಕೈ ಕೊಟ್ಟಾಕಿ?"

"ಸಂತಿ ಅಲ್ಲವಾ, ನಿಮ್ಮ ಮನಿ. ಟವೆಲ್ ಒಂದ ಮಡಿಕಿ ನಡಕ ಇಡತೇನಿ. ಅರಿವಿ ಮ್ಯಾಲಿಂದ ಹಿಡಿ."

ಹೀಗೆ ಒಂದು ಮಡಿಕೆಯ ಮರ್ಯಾದೆಯಲ್ಲಿ ಅವ್ವನ ಮತವೂ ಬಿದ್ದಿತು. ಕಡೆಗೆ ನಾನು. ಎರಡು ಬೆರಳು ಹಿಡಿದೆ. ಗಟ್ಟಿಯಾಗಿ ಹಿಡಿದೆ. ಕಾಕಾ ಅವರ ಮುಖದಲ್ಲಿ ಮೂಗೊಂದು ಬಿಟ್ಟು ಬೇರೇನೂ ಕಾಣಿಸಲಿಲ್ಲ.

ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಅವರು, "ಮೂರು ಬಸ್ಸು, ಒಂದು ರೈಲು" ಎಂದರು.

ಅಜ್ಜ ಅಪ್ಪನ ಮುಖ ನೋಡಿದರು. ಅಪ್ಪ ಅವ್ವನ ಮುಖ ನೋಡಿದ. ಅವ್ವ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ನಾನು ಅಜ್ಜನ ಮುಖ ನೋಡಿದೆ. ಆ ಒಂದು ರೈಲು ನನ್ನದು. ಉಳಿದ ಮೂರೂ ಅವರು ದಿನಕ್ಕೆರಡು ಸಲ ಪಡಸಾಲೆಯಲ್ಲಿ ಬಿತ್ತಿದ ಬೆಳೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

"ಆತ ಬಿಡು" ಎಂದರು ಅಜ್ಜ. ಗೆದ್ದವರ ಧ್ವನಿ ಹಾಗಿರುವುದಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ನಾನಾಗ ಹದಿನೆಂಟರವಳು; ಹೊಳೆಯುವುದು ಕಡಿಮೆ.

ನಾನು ಬಸ್ಸಿನದಕ್ಕೆ ಹೋದೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಮೂರು ವರ್ಷ. ಮಾತಿಗೆ ಕಟ್ಟುಬಿದ್ದು ಹೋದೆ, ಜಗಳವಾಡಲಿಲ್ಲ. ಆದರೆ ಅಜ್ಜನಿಗೆ ದಿನಾ ಸಂಜೆ ಪೇಪರ್ ಓದಿ ಹೇಳುವುದನ್ನು ನಿಲ್ಲಿಸಿದೆ. ಅವರ ಕಣ್ಣಿಗೆ ಪೊರೆ ಬಂದಿತ್ತು; ಶಾಲೆಯ ಏಳನೆಯ ಇಯತ್ತೆಯಲ್ಲಿದ್ದಾಗಿನಿಂದ ನಾನೇ ಓದಿ ಹೇಳುತ್ತಿದ್ದೆ. ಕಾಲೇಜಿನ ಅಭ್ಯಾಸ ಬಹಳ ಇದೆ ಎಂದೆ. ಅಜ್ಜ ಎರಡನೆಯ ಸಲ ಕೇಳಲಿಲ್ಲ, ರೇಡಿಯೊ ಹಚ್ಚಿಕೊಂಡರು. "ರೇಡಿಯೋದಾವಗ ಮತ್ತೊಮ್ಮೆ ಓದಂದ್ರ ಓದಂಗಿಲ್ಲ" ಎಂದು ಅವ್ವನ ಹತ್ತಿರ ಅಂದರಂತೆ. ನನ್ನ ಕೊನೆಯ ವರ್ಷದ ಪರೀಕ್ಷೆಗೆ ಒಂದು ತಿಂಗಳಿರುವಾಗ ಅವರು ತೀರಿಕೊಂಡರು. ಮೂರು ವರ್ಷದಲ್ಲಿ ನಾನು ಒಂದು ದಿನವೂ ಓದಿ ಹೇಳಿರಲಿಲ್ಲ.

ಆ ಮೂರು ವರ್ಷ ಹತ್ತಿ ಕಾಕಾ ಪ್ರತಿ ಶನಿವಾರ ಸಂಜೆ ನನ್ನನ್ನು ತಪಾಸಿಸುತ್ತಿದ್ದರು. ಇಂಗ್ಲಿಷ್ ಬಾರದ ಮನುಷ್ಯ ಮಾಡುವ ತಪಾಸಣೆ. ಗ್ರಂಥಾಲಯದಿಂದ ತಂದ ಪುಸ್ತಕ ಇಸಿದುಕೊಂಡು, ಮೊದಲಿನ ಪುಟ ನೋಡದೆ, ನೇರ ಹಿಂದಿನ ರಟ್ಟು ತೆರೆದು, ಅಲ್ಲಿ ಅಂಟಿಸಿದ ಚೀಟಿಯ ಮೇಲಿನ ತಾರೀಖಿನ ಮುದ್ರೆಗಳನ್ನು ಎಣಿಸುತ್ತಿದ್ದರು.

"ಇದನ್ನ ನಿನಗಿಂತ ಮೊದಲ ಇಪ್ಪತ್ತಮೂರ ಮಂದಿ ಒಯ್ದಾರ ನೋಡು. ಗಟ್ಟಿ ಪುಸ್ತಕ. ಓದು."

ಒಮ್ಮೆ ಚೀಟಿ ಖಾಲಿ ಇದ್ದ ಪುಸ್ತಕ ತಂದಿದ್ದೆ. ಮೂಸಿ ನೋಡಿ ಹಿಂದಕ್ಕೆ ಕೊಟ್ಟರು. "ಇದನ್ನ ಬರೆದಾಂವನೂ ಓದಿಲ್ಲ" ಎಂದರು. ಓದಿ ನೋಡಿದೆ, ಅವರ ಮಾತು ಸುಳ್ಳಾಗಿರಲಿಲ್ಲ. ಅವರ ಮುಂದೆ ತೋರಿಸಬೇಕಲ್ಲ ಎಂಬ ಒಂದೇ ಕಾರಣಕ್ಕೆ ವಾರಕ್ಕೊಂದು ಪುಸ್ತಕ ತರುತ್ತಿದ್ದೆ, ತಂದ ಮೇಲೆ ಓದುತ್ತಿದ್ದೆ. ನಾನು ಕಲಿತದ್ದರಲ್ಲಿ ಹೆಚ್ಚಿನದು ಹೀಗೆ ಕಲಿತದ್ದು.

ನಮ್ಮ ಮನೆಯಲ್ಲಿ ಟವೆಲ್ ಹಾಕಿದ ಆ ಬೇಸಿಗೆಯಿಂದಲೇ ಅವರ ಹೆಗಲ ಮೇಲೆ ಟವೆಲ್ ಕಾಣಿಸುತ್ತಿರಲಿಲ್ಲ. ಪೇಟೆಯವರು ವ್ಯವಹಾರಕ್ಕೆ ಕರೆದರೆ ಮೊದಲು ಭುಜ ನೋಯುತ್ತದೆ ಎಂದರು, ಆಮೇಲೆ ಪುರಸೊತ್ತಿಲ್ಲ ಎಂದರು. ಹತ್ತಿ ನೋಡುವುದನ್ನು ಮಾತ್ರ ಬಿಡಲಿಲ್ಲ. ಮುಂದೆ ಮಾರುಕಟ್ಟೆಯಲ್ಲಿ ಚೀಟಿ ಬರೆದು ಹಾಕುವ ಟೆಂಡರ್ ಪದ್ಧತಿ ಬಂದು ಟವೆಲ್ಲಿಗೇ ಕೆಲಸವಿಲ್ಲದಂತಾಯಿತು. ಅವರು ಮೊದಲೇ ಬಿಟ್ಟಿದ್ದರು ಎಂಬುದನ್ನು ಯಾರೂ ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲ.

ಪದವಿ ಆಯಿತು, ಧಾರವಾಡದಲ್ಲಿ ಮುಂದಿನ ಓದೂ ಆಯಿತು. ರಾಮದುರ್ಗಕ್ಕೆ ಮದುವೆಯಾಗಿ ಹೋಗಿ, ಅಲ್ಲಿಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಕಲಿಸಲು ಹತ್ತಿದೆ. ಟವೆಲ್ಲಿನ ದಿನಕ್ಕೆ ಹನ್ನೊಂದು ವರ್ಷ ತುಂಬಿತ್ತು. ತವರಿಗೆ ಹೊರಟವಳು ಸವದತ್ತಿಯ ಬಸ್ ನಿಲ್ದಾಣದಲ್ಲಿ ಇಳಿದೆ. ಅಲ್ಲಿ ಕಿತ್ತೂರಿನ ಗೆಳತಿ ಸಿಕ್ಕಳು. ಯಲ್ಲಮ್ಮನ ಗುಡ್ಡಕ್ಕೆ ಬಂದವಳು. ಬೈಲಹೊಂಗಲದ ಬಸ್ಸು ಬರಲು ಮುಕ್ಕಾಲು ತಾಸು ಇತ್ತು. ರೈಲಿನದರ ಸುದ್ದಿ ತೆಗೆದಳು. ಛಲೋ ಕಲಿಸಿದರಂತೆ, ಗ್ರಂಥಾಲಯದಲ್ಲಿ ಜಾಗ ಸಿಗಬೇಕಾದರೆ ಬೆಳಿಗ್ಗೆ ಏಳಕ್ಕೆ ಹೋಗಿ ನಿಲ್ಲಬೇಕಾಗುತ್ತಿತ್ತಂತೆ.

"ನಾವು ಹೋಗೂ ಮುಂದ ಆಗಷ್ಟ ಹೊಸಾ ಕಟ್ಟಡಕ್ಕ ತಂದಿದ್ರು ನೋಡು. ಇದ್ದಬದ್ದ ಪುಸ್ತಕಕ್ಕೆಲ್ಲಾ ಹೊಸಾ ರಟ್ಟು, ಹೊಸಾ ಚೀಟಿ. ಮೊದಲನೇ ಮುದ್ರಿ ನಂದ ಬೀಳಲಿ ಅಂತ ನಾ ಓಡಿ ಹೋಗಿ ತಗೋತಿದ್ದೆ."

ಬೈಲಹೊಂಗಲಕ್ಕೆ ಬಂದು ಹತ್ತಿ ಕಾಕಾ ಅವರನ್ನು ನೋಡಲು ಹೋದೆ. ಆಗಲೇ ಅವರು ಹಾಸಿಗೆ ಹಿಡಿದಿದ್ದರು. ಎದೆಯಲ್ಲಿ ಧೂಳು ಎಂದು ಡಾಕ್ಟರು. "ಜಿನ್ನಿನ ಪಗಾರ" ಎಂದು ಕಾಕಾ. ಕೈ ನಡುಗುತ್ತಿತ್ತು, ಬಸಿಯಲ್ಲಿ ಚಹಾ ನಿಲ್ಲುತ್ತಿರಲಿಲ್ಲ. ಪುಸ್ತಕದ ಚೀಟಿ ಎಂದರೆ ಅವರಿಗೆ ಪ್ರೀತಿಯಲ್ಲವೇ, ನಗಲಿ ಎಂದು ಗೆಳತಿಯ ಮಾತನ್ನು ಹೇಳಿದೆ.

ಅವರು ನಗಲಿಲ್ಲ.

"ಅಂಡಿಗಿ ಯಾವಾಗ ಕಟ್ಟಿದ್ದಂತ ನಾ ಕೇಳಲಿಲ್ಲ" ಎಂದರು.

"ಯಾವ ಅಂಡಿಗಿ ಕಾಕಾ?"

"ಆವತ್ತ ನಾಕ ದಿವಸ ನಾ ಮಿಲ್ಲಿಗೆ ಹೋಗಿರಲಿಲ್ಲ, ತಂಗಿ. ನಿನ್ನ ಎರಡೂ ಸಾಲಿ ನಮೂನಿ ನೋಡಾಕ ಹೋಗಿದ್ದೆ."

ಆಮೇಲೆ ತಡೆದು ತಡೆದು, ಕೆಮ್ಮಿನ ನಡುವೆ ಹೇಳಿದರು. ಮಗಳ ಹೆಸರು ಹಚ್ಚಬೇಕು, ಒಳಗೆ ನೋಡಬೇಕು ಎಂದು ಎರಡೂ ಕಡೆ ಬಾಗಿಲಲ್ಲಿ ಕೇಳಿದರಂತೆ. ಕಚೇರಿ, ಕಟ್ಟಡ ಎಲ್ಲ ಮೇಲಿನ ಹತ್ತಿ. ನೇರ ಗ್ರಂಥಾಲಯಕ್ಕೆ ಹೋಗಿ, ವ್ಯಾಪಾರದ ಪುಸ್ತಕ ಎಲ್ಲಿವೆ ಎಂದು ಕೇಳಿ, ನಡುವಿನ ಸಾಲಿನ ನಡುವಿನಿಂದ ಪುಸ್ತಕ ತೆಗೆದು ಹಿಂದಿನ ಚೀಟಿ ನೋಡಿದರಂತೆ. ಬಸ್ಸಿನದರಲ್ಲಿ ರಟ್ಟು ಹರಿದಿದ್ದವು. ಒಂದು ಚೀಟಿ ತುಂಬಿ ಅದರ ಮೇಲೆ ಇನ್ನೊಂದು ಅಂಟಿಸಿದ್ದರು. ರೈಲಿನದರಲ್ಲಿ ನಾಲ್ವತ್ತು ಪುಸ್ತಕ ತೆಗೆದರು. ನಾಲ್ವತ್ತಕ್ಕೂ ಚೀಟಿ ಖಾಲಿ.

"ಗಾಜಿನ ಕಪಾಟಿನ್ಯಾಗ ಜೊಳ್ಳ ತುಂಬ್ಯಾರ ಅಂದಕೊಂಡ್ನಿ. ಕಟ್ಟಿದ್ದ ಯಾವಾಗ ಅಂತ ಒಂದ ಮಾತ ಕೇಳಿದ್ರ ಆ ಲೈಬ್ರರಿಯಾಂವ ಹೇಳತಿದ್ದ."

"ಇರಲಿ ಬಿಡ್ರಿ ಕಾಕಾ. ನೀವ ಕೇಳಿದ್ರೂ ಅಷ್ಟ, ಬಿಟ್ರೂ ಅಷ್ಟ. ಮೂರು ಒಂದು ಆಗಿತ್ತಲ್ಲ."

"ಆಗಿರಲಿಲ್ಲ" ಎಂದರು. "ನಾಕೂ ರೈಲ ಆಗಿತ್ತು."

ಕಾಕು ಬಾಗಿಲಲ್ಲಿ ನಿಂತಿದ್ದವರು ಅಲ್ಲೇ ಕುಳಿತರು. ಅವರಿಗೂ ಅದು ಹೊಸ ಸುದ್ದಿ.

"ನಿಮ್ಮ ಅಜ್ಜಾರು ಬಸ್ಸು, ಅವರ ಹಿಂದ ನಿಮ್ಮಪ್ಪ, ನಿಮ್ಮವ್ವ. ನೀ ಒಬ್ಬಾಕಿ ರೈಲು. ಮೂರು ಒಂದು ಅಂತ ನಾ ಮನಿಂದನ ಹಿಡಕೊಂಡ ಬಂದಿದ್ದೆ. ನಾ ಏನೂ ಹೇಳೂದ ಬೀಳಂಗಿಲ್ಲ, ತಾನ ಆಗತೈತಿ ಅಂದಕೊಂಡಿದ್ದೆ. ಟವೆಲ್ ಹಾಕಿದ್ರ ಒಬ್ಬೊಬ್ಬರೂ ಎರಡೆರಡು. ನಿಮ್ಮ ಮನ್ಯಾಗೂ ನಾ ಮ್ಯಾಲಿಂದ ಅಷ್ಟ ನೋಡಿದ್ದೆ."

"ಅಜ್ಜನೂ?"

"ಅಜ್ಜಾರು ಎರಡ ಹಿಡದ್ರು. ನನಗ ತಿಳೀತೋ ಇಲ್ಲೋ ಅಂತ ಬಿಟ್ಟು ಮತ್ತೊಮ್ಮೆ ಎರಡ ಹಿಡದ್ರು."

ಜಂತಿ ನೋಡುತ್ತ ಕೈ ಕೊಟ್ಟ ಅಜ್ಜನದು ತುಸು ಹೊತ್ತು ಹಿಡಿದಿತ್ತು. ನಾನು ಅದನ್ನು ನೋಡಿದ್ದೆ, ಹಟ ಅಂದುಕೊಂಡಿದ್ದೆ.

"ಜೊಳ್ಳ ಅಂತ ಗೊತ್ತಿದ್ದ ಮಾಲಿಗೆ ನಿನ್ನ ಹ್ಯಾಂಗ ಕೊಡ್ಲಿ?" ಎಂದರು ಕಾಕಾ. "ಬಾಯಿಬಿಟ್ಟ ಹೇಳಿದ್ರ ನೀ ಕೇಳತಿದ್ದಿಲ್ಲ, ಆ ಚಿತ್ರದ ಪುಸ್ತಕ ಹರಿಯೂ ಮಟಾ ನೋಡಿದ್ದಿ. ಅದಕ್ಕ ಬೆರಳ ಒಂದ, ಬಾಯಿ ಒಂದ ಮಾಡಿದ್ನಿ. ಮುಂದ ಟವೆಲ್ ಹಾಕಲಿಲ್ಲ. ಟವೆಲ್ ಹಿಡದು ಹೇಳಿದ್ದು ಒಂದ ಸುಳ್ಳು, ಅದೂ ನಮೂನಿ ತಪ್ಪ ನೋಡಿ."

ಎದ್ದು ಎರಡು ಮನೆ ದಾಟಿ ನಮ್ಮ ಮನೆಗೆ ಬಂದೆ. ಅಪ್ಪ ಊಟಕ್ಕೆ ಕುಳಿತಿದ್ದ, ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅಪ್ಪಾ, ಟವೆಲ್ ಹಾಕಿದ ದಿವಸ ನೀ ಎಷ್ಟ ಬೆರಳ ಕೊಟ್ಟಿದ್ದಿ?"

ಅಪ್ಪ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಎರಡ. ನಿಮ್ಮವ್ವ ಒಂದ ಕೊಟ್ಟಳಂತ ತಪ್ಪಿತು."

ತಗ್ಗಿಸಿದ್ದು ಸಾಲಲಿಲ್ಲ. ರೊಟ್ಟಿಯ ಸಪ್ಪಳ ನಿಂತಿತು.

"ನಾ ಯಾಕ ಒಂದ ಕೊಡ್ಲಿ? ಎರಡ ಕೊ‌ಟ್ಟೇನಿ. ನಿಮ್ಮ ಅಪ್ಪಾರಿಗೆ ಅಂಜಿ ಒಂದ ಕೊಟ್ಟಾವರು ನೀವು."

"ನಾ ಎರಡ ಕೊಟ್ಟೇನಿ."

"ನಾನೂ ಎರಡ ಕೊಟ್ಟೇನಿ."

"ಮತ್ತ ಹನ್ನೊಂದ ವರ್ಷ ನೀ ನನ್ನ ಜೋಡಿ ರೈಲ ಹತ್ತಾಕ ಒಲ್ಲೆ ಅಂದಿದ್ದು ಇದಕ್ಕನ?"

"ಇದಕ್ಕ. ಮಗಳಿಗೆ ಬ್ಯಾಡಂದ ರೈಲ ನನಗ್ಯಾಕ್ರಿ?"

ಸೊಲ್ಲಾಪುರದ ಮದುವೆಗೂ ಪಂಢರಪುರಕ್ಕೂ ಅವ್ವ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುತ್ತ ಹೋಗಿಬಂದದ್ದಕ್ಕೆ ಅವತ್ತು ಕಾರಣ ಗೊತ್ತಾಯಿತು. ನಾಲ್ಕೂ ಜನ ತಾವೊಬ್ಬರೇ ಎರಡು ಬೆರಳು ಕೊಟ್ಟವರೆಂದು ತಿಳಿದು, ಉಳಿದ ಮೂವರ ಮೇಲೆ ಸಣ್ಣಗೆ ಮುನಿಸು ಕಟ್ಟಿಕೊಂಡು, ಕೇಳಬಾರದೆಂಬ ಕರಾರಿಗೆ ಬದ್ಧರಾಗಿ ಬಾಳಿದ್ದೆವು. ಅಜ್ಜ ಹಾಗೆಯೇ ಹೋಗಿದ್ದರು. ಮಗ, ಸೊಸೆ, ಮೊಮ್ಮಗಳು ಮೂವರೂ ತಮ್ಮ ಬಾಯಿಗೆ ಅಂಜಿ ಒಂದು ಬೆರಳು ಕೊಟ್ಟರೆಂದು ತಿಳಿದು.

ಸಂಗತಿ ಬಿಡಿಸಿ ಹೇಳಿದೆ. ಅಪ್ಪ, "ಹತ್ತಿ ಅಣ್ಣಾರು ಸುಳ್ಳ ಹೇಳಿದ್ರ?" ಎಂದು ಮೂರು ಸಲ ಕೇಳಿದ. ಮಗಳ ರೈಲು ತಪ್ಪಿದ್ದಕ್ಕಿಂತ ಅದನ್ನು ನಂಬುವುದು ಅವನಿಗೆ ಕಷ್ಟವಾಯಿತು. ಅವ್ವ ದಿನಾ ಕಳಿಸುತ್ತಿದ್ದ ಹಾಗೆ ಮರುದಿನ ಬೆಳಿಗ್ಗೆಯೂ ಕಾಕಾ ಅವರಿಗೆ ಗಂಜಿ ಕಳಿಸಿದಳು. ಅದಕ್ಕೆ ಜೀರಿಗೆ ಒಗ್ಗರಣೆ ಮಾತ್ರ ಹಾಕಿರಲಿಲ್ಲ. ಮೂರನೆಯ ದಿನ ಅದನ್ನೂ ಹಾಕಿದಳು.

ನಾನು ರಾಮದುರ್ಗಕ್ಕೆ ಮರಳಿದೆ. ಸಿಟ್ಟಿತ್ತು. ಗ್ರಂಥಾಲಯದ ಗಾಜಿನಾಚೆಯ ಹುಡುಗಿಗಾಗಿ ಅಷ್ಟಲ್ಲ. ಓದದೆ ಉಳಿದ ಮೂರು ವರ್ಷದ ಪೇಪರಿಗಾಗಿ. ಆ ಸಿಟ್ಟಿನಲ್ಲಿ ನನ್ನ ಪಾಲೂ ಬಹಳಷ್ಟಿತ್ತು, ಪೂರ್ತಿ ಕಾಕಾ ಅವರ ಹೆಸರಿಗೆ ಹಚ್ಚಲು ಬರುತ್ತಿರಲಿಲ್ಲ. ಅಜ್ಜನ ಎದುರು ಕುಳಿತು ಕೇಳಬಹುದಿತ್ತು. ಕೇಳಿರಲಿಲ್ಲ. ಶನಿವಾರಗಳೂ ನೆನಪಾಗುತ್ತಿದ್ದವು. ಕಾಲೇಜಿನಲ್ಲಿ ಹೊಸ ಪುಸ್ತಕ ಬಂದರೆ ನನ್ನ ಕೈ ತಾನಾಗಿ ಹಿಂದಿನ ರಟ್ಟಿಗೆ ಹೋಗುತ್ತಿತ್ತು.

ಆರು ವಾರದ ಮೇಲೆ ಮತ್ತೆ ಹೋದೆ. ಕಾಕಾ ಇನ್ನಷ್ಟು ಸಣ್ಣಗಾಗಿದ್ದರು. ಹೆಬ್ಬೆರಳು ಮಾತ್ರ ಮೊದಲಿನಷ್ಟೇ ಇದ್ದವು. ನನ್ನನ್ನು ಕಂಡು ಕಾಕುಗೆ, "ಗೂಟದ ಮ್ಯಾಲಿನ ಟವೆಲ್ ಕೊಡು" ಎಂದರು. ಹನ್ನೊಂದು ವರ್ಷ ತೂಗಿದ ಟವೆಲ್ಲು. ಮಡಿಕೆಯ ಗೆರೆಯಲ್ಲಿ ಹಳದಿಯಾಗಿತ್ತು.

"ಈಗ ಹಿಡಿ" ಎಂದರು. "ನಾ ತಪ್ಪ ಮಾಡೇನಿ ಅನಸಿದ್ರ ಎರಡು. ಇಲ್ಲಂದ್ರ ಒಂದು. ಹೂಂ ಅನ್ನಾಕ ನಾ ತಯಾರ ಅದೇನಿ."

ಇದನ್ನೇ ಕೇಳುತ್ತಾರೆಂದು ರಾಮದುರ್ಗದಿಂದ ಬರುವ ದಾರಿಯುದ್ದಕ್ಕೂ ನನಗೆ ಅನ್ನಿಸಿತ್ತು. ಬಾಯಿಂದ ಏನು ಬೇಕಾದರೂ ಹೇಳಬಹುದಿತ್ತು. ಈ ಮನುಷ್ಯನಿಗೆ ಬೆರಳಿಂದ ಸುಳ್ಳು ಹೇಳಲು ಆಗುತ್ತಿರಲಿಲ್ಲ. ಆದ್ದರಿಂದ ಸವದತ್ತಿ ದಾಟುವುದರೊಳಗೆ ಖರೇ ಉತ್ತರವನ್ನೇ ಹುಡುಕಿಟ್ಟುಕೊಳ್ಳಬೇಕಾಗಿತ್ತು.

ಟವೆಲ್ಲಿನ ಕೆಳಗೆ ಅವರ ಕೈ ಹಿಡಿದು ಒಂದು ಬೆರಳು ಒತ್ತಿದೆ.

ಅವರು ಕಣ್ಣು ಮುಚ್ಚಿದರು.

"ನಡಗತೈತಿ" ಎಂದರು.

"ನಡಗಾಕತ್ತಿದ್ದು ನಿಮ್ಮ ಕೈ ರಿ, ಕಾಕಾ."

"ಹೌದೇನು?" ಎಂದು ಯೋಚಿಸಿದರು. "ಇದ್ದೀತು."

ಆಮೇಲೆ ಟವೆಲ್ ತಾವೇ ತೆಗೆಯಲು ಹೋದರು, ಆಗಲಿಲ್ಲ. ನಾನು ತೆಗೆದೆ. ಬಾಗಿಲಲ್ಲಿ ನಿಂತಿದ್ದ ಕಾಕು ಕಡೆ ತಿರುಗಿ, ಪೇಟೆಯ ಹಳೆಯ ಧ್ವನಿಯಲ್ಲಿ, "ಬಸ್ಸು" ಎಂದು ಸಾರಿದರು.

ಮುಂದಿನ ತಿಂಗಳು, ಶ್ರಾವಣದ ಎರಡನೆಯ ಸೋಮವಾರ, ಅವರು ತೀರಿಕೊಂಡರು. ಸಂಪಗಾಂವದಿಂದ ಅಣ್ಣ ಬಂದಿದ್ದರು. ಅವ್ವ ಆ ದೀಪಾವಳಿಗೆ ಅಪ್ಪನ ಜೊತೆ ರೈಲು ಹತ್ತಿದಳು. ರೈಲಿನ ವಿಶ್ವವಿದ್ಯಾಲಯ ಚೆನ್ನಾಗಿ ನಡೆದಿದೆ. ನನ್ನ ಪದವಿ ಬಸ್ಸಿನದು, ಎರಡನೇ ದರ್ಜೆ.